ಬಬ್ಬಿಸುವವರನ್ನು ಬಿಟ್ಟುಬಿಡುವ ಬಗ್ಗೆ

ಇಂದ,
ಬಬ್ಬಿ
(ಡಬ್ಬದ ಮೇಲಿರುವ ಎರಡು ಜಡೆಯ ಹುಡುಗಿ, ಈಗ ಐವತ್ತು ದಾಟಿದೆ, ಜಡೆ ಇಲ್ಲ)
ಮಾಲೀಕಳು, ಬಬ್ಬಿ ಸೋರುತಡೆ ಪೇಸ್ಟ್ ತಯಾರಿಕಾ ಘಟಕ,
ಮನೆಯ ಹಿಂದಿನ ಶೆಡ್ಡು.

ಗೆ,
ಮಾನ್ಯ ನೋಂದಣಾಧಿಕಾರಿಗಳು,
ವ್ಯಾಪಾರ ಚಿಹ್ನೆಗಳ ಕಚೇರಿ,
ಮೂರನೇ ಮಹಡಿ (ಲಿಫ್ಟ್ ಕೆಟ್ಟಿರುವ ಕಾರಣ ಮೆಟ್ಟಿಲುಗಳ ಮುಖಾಂತರ).

ವಿಷಯ: ‘ಬಬ್ಬಿಸು’ ಎಂಬ ಕ್ರಿಯಾಪದದ ಮೇಲಿನ ತಕರಾರನ್ನು ಹಿಂಪಡೆಯುವ ಹಾಗೂ ಬೇರೊಂದು ಹೆಸರನ್ನು ನೋಂದಾಯಿಸಿಕೊಡುವ ಬಗ್ಗೆ.

ಉಲ್ಲೇಖ:
1. ‘ಬಬ್ಬಿ’ ಚಿಹ್ನೆ ರದ್ದುಪಡಿಸುವಂತೆ ಎದುರು ಕಂಪನಿಯವರು ಸಲ್ಲಿಸಿದ ಅರ್ಜಿ.
2. ಸದರಿ ಅರ್ಜಿಗೆ ಅರ್ಜಿದಾರಳು ಸಲ್ಲಿಸಿದ ತಕರಾರು (ಬಹಳ ಪುಟಗಳು).
3. ತಾವು ಹೊರಡಿಸಿದ ಆದೇಶ, ವಿಶೇಷವಾಗಿ ಅದರ ಕೊನೆಯ ಸಾಲು.
4. ತಮ್ಮ ಕಚೇರಿಯ ಕೆಳಗಿನ ಕ್ಯಾಂಟೀನಿನಲ್ಲಿ ನಡೆದ ಮೌಖಿಕ ಮಾತುಕತೆ.

ಮಾನ್ಯರೇ,

ಅರ್ಜಿಯಲ್ಲಿ ‘ನಾನು, ನನ್ನ’ ಎಂದು ಬರೆದರೆ ಅದು ಅರ್ಜಿಯಾಗುವುದಿಲ್ಲ, ಅಳಲಾಗುತ್ತದೆ ಎಂದು ತಮ್ಮ ಕಚೇರಿಯ ಸ್ವೀಕೃತಿ ಗುಮಾಸ್ತರು ಹೇಳಿ ಹಿಂದಿನ ಕರಡನ್ನು ವಾಪಸು ಕೊಟ್ಟಿರುತ್ತಾರೆ. ಕಾರಣ, ಇಲ್ಲಿಂದ ಮುಂದೆ ‘ಅರ್ಜಿದಾರಳು’ ಎಂದೇ ನಮೂದಿಸಲಾಗಿದೆ. ಅಳಲು ಎಲ್ಲಾದರೂ ಸೋರಿದ್ದರೆ ಮನ್ನಿಸುವುದು.

1. ಅರ್ಜಿದಾರಳ ತಂದೆಯವರು ನಲ್ಲಿ ರಿಪೇರಿಯವರು. ಮಾಡಿದ ರಿಪೇರಿ ವಾರ ಕಳೆಯುವುದರೊಳಗೆ ಮತ್ತೆ ಸೋರಿ, ಜನ ಬಾಗಿಲಿಗೆ ಬಂದು ಮುಖಕ್ಕೆ ಮಂಗಳಾರತಿ ಎತ್ತಿ ಹೋಗುವುದು ಅವರಿಗೆ ಸಾಕುಸಾಕಾಗಿತ್ತು. ಆದ್ದರಿಂದ ಒಂದು ಭಾನುವಾರ ಅಡುಗೆಮನೆಗೆ ನುಗ್ಗಿ, ಹೆಂಡತಿಯ ಇದ್ದೊಂದು ಒಳ್ಳೆಯ ಪಾತ್ರೆಯಲ್ಲಿ ಡಾಂಬರು, ಕಲ್ಲಿನ ಪುಡಿ ಮತ್ತು ಇಲ್ಲಿ ಬಹಿರಂಗಪಡಿಸಲಾಗದ ಮೂರನೆಯ ಪದಾರ್ಥವೊಂದನ್ನು ಹಾಕಿ ಕುದಿಸಿದರು. ಕರ್ರಗಿನ ಪೇಸ್ಟು ತಯಾರಾಯಿತು. ಆ ಪಾತ್ರೆಯಿಂದ ಸೌಟು ಇಂದಿಗೂ ಹೊರಬಂದಿಲ್ಲ. ಅಮ್ಮ ಮೂರು ದಿನ ಮಾತು ಬಿಟ್ಟರು, ಪೈಪುಗಳು ಮಾತ್ರ ಸೋರುವುದನ್ನು ಬಿಟ್ಟವು.

ಆಗ ಅರ್ಜಿದಾರಳು ಇನ್ನೂ ಶಾಲೆಗೆ ಸೇರಿರಲಿಲ್ಲ. ಯಾರ ಸೊಂಟ ಏರಿದರೂ ಇಳಿಯದ, ಯಾರ ಬೆರಳು ಹಿಡಿದರೂ ಬಿಡದ ಮಗು ಎಂದು ನೆಂಟರಿಷ್ಟರಲ್ಲೆಲ್ಲ ಕುಖ್ಯಾತಿ ಪಡೆದಿದ್ದಳು. ತಂದೆಯವರು ಪೇಸ್ಟನ್ನು ಬೆರಳಲ್ಲಿ ಒತ್ತಿ ನೋಡಿ, “ನಮ್ ಬಬ್ಬಿ ಥರಾನೇ, ಹಿಡಿದ್ರೆ ಬಿಡಲ್ಲ” ಎಂದರು. ಅದೇ ಹೆಸರಾಯಿತು, ಅದೇ ಜಾಹೀರಾತೂ ಆಯಿತು. ಎರಡು ಜಡೆಯ ಮುಖ ಡಬ್ಬ ಏರಿತು. ಈ ಬಗ್ಗೆ ಅರ್ಜಿದಾರಳ ಒಪ್ಪಿಗೆ ಪಡೆದಿರಲಿಲ್ಲ. ಆ ಹೊತ್ತಿನಲ್ಲಿ ಆಕೆ ತಂದೆಯವರ ಕಾಲು ಹಿಡಿದು ನೇತಾಡುತ್ತಿದ್ದಳು.

2. ‘ಬಬ್ಬಿ ಹಚ್ಚು’ ಎಂದು ಶುರುವಾದದ್ದು ‘ಬಬ್ಬಿ ಮಾಡು’ ಎಂದಾಗಿ, ಆಮೇಲೆ ‘ಬಬ್ಬಿಸು’ ಎಂದಾಯಿತು. ನಮ್ಮ ಭಾಷೆಗೆ ಕೈಗೆ ಸಿಕ್ಕ ಯಾವ ಹೆಸರಿನ ಬಾಲಕ್ಕಾದರೂ ‘ಇಸು’ ಕಟ್ಟಿ ದುಡಿಸಿಕೊಳ್ಳುವ ಚಾಳಿ ಇರುವುದು ತಮ್ಮ ಗಮನಕ್ಕೆ ಬಂದೇ ಇರುತ್ತದೆ. ಮೊದಲು ಪೈಪು ಬಬ್ಬಿಸಿದರು, ಬಕೆಟ್ಟು ಬಬ್ಬಿಸಿದರು. ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮುಂದೆ ಗಂಡಹೆಂಡಿರ ಜಗಳ ಬಬ್ಬಿಸುವವರು ಹುಟ್ಟಿಕೊಂಡರು. ಸಾಕ್ಷಿಯ ಬಾಯಿ ಬಬ್ಬಿಸುವವರು ಬಂದರು. ಪುಸ್ತಕ ಮುಟ್ಟದೆ ಪರೀಕ್ಷೆಗೆ ಹೋದ ಮಕ್ಕಳು “ಹೇಗೋ ಬಬ್ಬಿಸಿ ಬಂದೆ” ಎನ್ನತೊಡಗಿದರು. ಒಮ್ಮೆ ದಂತವೈದ್ಯರೊಬ್ಬರು ಅರ್ಜಿದಾರಳನ್ನೇ ಕುರ್ಚಿಯಲ್ಲಿ ಮಲಗಿಸಿ, “ಈ ಹಲ್ಲನ್ನ ಬಬ್ಬಿಸೋಣ್ವಾ, ಕಿತ್ತೇ ಬಿಡೋಣ್ವಾ?” ಎಂದು ಕೇಳಿದರು. ಬಾಯಿ ತೆರೆದಿದ್ದ ಕಾರಣ ಆ ಸಮಯದಲ್ಲಿ ತಕರಾರು ದಾಖಲಿಸಲು ಸಾಧ್ಯವಾಗಲಿಲ್ಲ.

3. ತಂದೆಯವರು ತೀರಿಕೊಂಡು ಏಳು ವರ್ಷವಾಯಿತು. ಘಟಕ ಅರ್ಜಿದಾರಳ ಕೈಗೆ ಬಂತು. ಅರ್ಜಿದಾರಳಿಗೆ ಒಬ್ಬನೇ ತಮ್ಮ, ಅವನು ಆ ತಿಂಗಳೇ ಪೆಟ್ಟಿಗೆ ಕಟ್ಟಿಕೊಂಡು ಹೋಗಿ ಎದುರು ಕಂಪನಿಯ ಮಾರಾಟ ವಿಭಾಗ ಸೇರಿಕೊಂಡ. ಎದುರು ಕಂಪನಿ ಎಂದರೆ ಸಾಧಾರಣದ್ದಲ್ಲ. ಅವರ ಕಾವಲುಗಾರನ ಕೋಣೆಯೇ ನಮ್ಮ ಶೆಡ್ಡಿಗಿಂತ ದೊಡ್ಡದು. ಅವರದೂ ಒಂದು ಪೇಸ್ಟಿದೆ. ಮಾರಾಟವಾಗುವುದಿಲ್ಲ. ಕಾರಣ, ಅಂಗಡಿಗೆ ಬಂದವರು ಅವರ ಡಬ್ಬವನ್ನು ತೋರಿಸಿದರೂ “ಇದಲ್ಲ, ಬಬ್ಬಿಸೋದು ಕೊಡಿ” ಎನ್ನುತ್ತಾರೆ.

ಆದ್ದರಿಂದ ಅವರು ಉಲ್ಲೇಖ (1)ರ ಅರ್ಜಿ ಹಾಕಿದರು. ಅದರ ಸಾರಾಂಶ: ತೊಳೆ, ಒರೆಸು, ಮುಚ್ಚು ಎಂಬಂತೆಯೇ ಬಬ್ಬಿಸು ಕೂಡ ಜನಸಾಮಾನ್ಯರ ಮಾತು, ಅದು ಯಾರ ಸೊತ್ತೂ ಅಲ್ಲ, ಆದಕಾರಣ ಕಂಪನಿಯವರೂ ‘ಸೂಪರ್ ಬಬ್ಬಿ’ ಎಂಬ ಡಬ್ಬ ಹೊರತರಲು ಅಪ್ಪಣೆಯಾಗಬೇಕು. ಜನ ಈ ಪದವನ್ನು ಎಲ್ಲೆಲ್ಲಿ ಹೇಗೆಲ್ಲ ಬಳಸುತ್ತಾರೆಂಬ ಪಟ್ಟಿಯೊಂದನ್ನು ಲಗತ್ತಿಸಿದ್ದರು. ಪಟ್ಟಿಯ ಮೊದಲ ಸಾಲಿನಲ್ಲಿ ತಂದೆಯವರ ಮಾತೇ ಇತ್ತು. ಕೆಳಗೆ ಸಾಕ್ಷಿಯ ಸಹಿ ಅರ್ಜಿದಾರಳ ತಮ್ಮನದು.

ಸದರಿ ಅರ್ಜಿಯೊಂದಿಗೆ ಬಂದ ತಮ್ಮ ಕಚೇರಿಯ ನೋಟೀಸಿನಲ್ಲಿ, ‘ವ್ಯಾಪಾರ ಚಿಹ್ನೆಗಳ ದುರ್ಬಳಕೆ ಕುರಿತ ಸಮಸ್ತ ದಾಖಲೆಗಳನ್ನು ಎರಡು ಸೆಟ್ ಝೆರಾಕ್ಸ್ ಮಾಡಿಸಿ ಸಲ್ಲಿಸತಕ್ಕದ್ದು’ ಎಂದಿತ್ತು. ಝೆರಾಕ್ಸ್ ಎಂಬುದು ಯಾವ ಕಂಪನಿಯ ಹೆಸರೆಂಬ ಬಗ್ಗೆ ಅರ್ಜಿದಾರಳು ಏನನ್ನೂ ಹೇಳಬಯಸುವುದಿಲ್ಲ.

4. ಅರ್ಜಿದಾರಳು ವಕೀಲರನ್ನು ಕಂಡಳು. ಟೈರ್ ಅಂಗಡಿಯ ಮೇಲೆ ಅವರ ಕಚೇರಿ. ಅವರು ಕನ್ನಡಕವನ್ನು ಹಣೆಗೇರಿಸಿ ಹೇಳಿದರು:

“ಹೆಸರು ಊರವರ ಬಾಯಿಗೆ ಬಿದ್ರೆ ಊರಿನದೇ ಆಗಿಬಿಡುತ್ತೆ ಮೇಡಂ. ಎಸ್ಕಲೇಟರ್ ಅನ್ನೋದೂ ಒಂದು ಕಾಲಕ್ಕೆ ಒಂದು ಕಂಪನಿಯ ಸೊತ್ತಾಗಿತ್ತು. ಈಗ ಎಲ್ಲರೂ ಹತ್ತಿ ಇಳೀತಾರೆ, ಯಾರಪ್ಪನದು ಅಂತ ಯಾರೂ ಕೇಳಲ್ಲ.”

“ಹಾಗಾದ್ರೆ ನಾನೇನು ಮಾಡ್ಬೇಕು?”

“ಯಾರು ಕ್ರಿಯಾಪದ ಮಾಡಿದ್ರೂ ಅಲ್ಲೇ ತಿದ್ದಬೇಕು. ಬರವಣಿಗೆಯಲ್ಲಿ ತಿದ್ದಬೇಕು. ನೀವು ಸುಮ್ಮನಿದ್ರೆ ಒಪ್ಪಿಕೊಂಡ ಹಾಗೆ.”

“ಅಂದ್ರೆ ಕಂಡಕಂಡವರ ಬಾಯಿಗೆ ಕೈ ಹಾಕ್ಬೇಕು.”

“ಕಾನೂನಲ್ಲಿ ಅದಕ್ಕೆ ಜಾಗರೂಕತೆ ಅಂತಾರೆ.”

ಹೀಗೆಂದು, ಪಕ್ಕದಲ್ಲಿದ್ದ ಗುಮಾಸ್ತರ ಕಡೆ ತಿರುಗಿ, “ಮೇಡಂ ಫೈಲಿನ ಬೆನ್ನು ಕಿತ್ತು ಬಂದಿದೆ ನೋಡಿ, ಸ್ವಲ್ಪ ಬಬ್ಬಿಸಿ ಇಡಿ” ಎಂದರು.

ಆದ್ದರಿಂದ ಮೊದಲ ನೋಟೀಸು ಅವರಿಗೇ ಹೋಯಿತು. ಅದರ ಕರಡನ್ನು ಅವರೇ ಬರೆದುಕೊಟ್ಟರು, ಶುಲ್ಕವನ್ನೂ ತೆಗೆದುಕೊಂಡರು.

5. ತದನಂತರ ಅರ್ಜಿದಾರಳು ಕೈಗೊಂಡ ಕ್ರಮಗಳು ಈ ಕೆಳಕಂಡಂತಿವೆ.

ಊರಿನ ನಲ್ಲಿ ರಿಪೇರಿಯವರನ್ನೆಲ್ಲ ಶೆಡ್ಡಿಗೆ ಕರೆಸಿ, ಟೀ ಬಿಸ್ಕತ್ತು ಕೊಟ್ಟು, ಒಂದೊಂದು ಪೋಸ್ಟರ್ ಹಂಚಲಾಯಿತು. ಅದರಲ್ಲಿ ಹೀಗಿತ್ತು: ‘ಬಬ್ಬಿಸಿ ಎನ್ನದಿರಿ. ಬಬ್ಬಿ ಬ್ರಾಂಡಿನ ಸೋರುತಡೆ ಪೇಸ್ಟನ್ನು ಲೇಪಿಸುವ ಮೂಲಕ ಸೋರಿಕೆಯನ್ನು ತಡೆಗಟ್ಟಿ ಎನ್ನಿರಿ.’ ಹಿಂದಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿಕೊಂಡರು.

“ಅಕ್ಕಾ, ಇಷ್ಟು ಹೇಳಿ ಮುಗಿಸೋ ಹೊತ್ತಿಗೆ ಮನೆಯೋರು ಮಂಚದ ಮೇಲೆ ಹತ್ತಿ ಕೂತಿರ್ತಾರೆ.”

ಅವರ ಪಕ್ಕದವರು ವಿನಯದಿಂದಲೇ ಕೇಳಿದರು: “ಪೋಸ್ಟರ್ ಏನೋ ಚೆನ್ನಾಗಿದೆ. ಗೋಡೆಗೆ ಮೊಳೆ ಹೊಡೀಲಾ, ಬಬ್ಬಿಸ್ಲಾ?”

ಶಾಲೆಯೊಂದರ ಭಾಷಾ ಶಿಕ್ಷಕರು ‘ಬಬ್ಬಿಸು: ಮೂರು ಕಾಲಗಳಲ್ಲಿ ಬರೆಯಿರಿ’ ಎಂದು ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದು ಗಮನಕ್ಕೆ ಬಂದು, ಅವರಿಗೂ ನೋಟೀಸು ಕಳಿಸಲಾಯಿತು. ಅವರು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸಿದರು. ವಿಭಕ್ತಿ ದೋಷ ನಾಲ್ಕು, ಕಾಗುಣಿತ ದೋಷ ಎರಡು. ಕೆಳಗೆ, ‘ಬಬ್ಬಿಸು ಸಕರ್ಮಕ ಧಾತು, ಯಾರನ್ನೂ ಕೇಳಿಕೊಂಡು ಧಾತು ಹುಟ್ಟುವುದಿಲ್ಲ’ ಎಂಬ ಷರಾ.

ಪತ್ರಿಕೆಯೊಂದು ‘ಸೇತುವೆ ಬಿರುಕು: ಬಬ್ಬಿಸಿ ಕೈತೊಳೆದುಕೊಂಡ ಅಧಿಕಾರಿಗಳು’ ಎಂದು ಅಚ್ಚು ಹಾಕಿತು. ಅರ್ಜಿದಾರಳು ಫೋನು ಮಾಡಿದಾಗ ಉಪಸಂಪಾದಕರು ಬೇಸರಪಡಲಿಲ್ಲ. “ಬದಲಿ ಪದ ನೀವೇ ಕೊಡಿ ಮೇಡಂ, ಹಾಕ್ತೀನಿ. ಅಷ್ಟೇ ಜಾಗದಲ್ಲಿ ಕೂರಬೇಕು, ಸ್ವಲ್ಪ ಮರ್ಯಾದೇನೂ ತೆಗೀಬೇಕು” ಎಂದರು. ಅರ್ಜಿದಾರಳು ಯೋಚಿಸಿ ತಿಳಿಸುತ್ತೇನೆಂದು ಫೋನಿಟ್ಟು, ಸಂಜೆಯವರೆಗೆ ಯೋಚಿಸಿದಳು. ಮುಚ್ಚಿ ಎಂದರೆ ಸಾಲದು, ತೇಪೆ ಹಾಕಿ ಎಂದರೆ ಉದ್ದ. ಅವಳಿಗೂ ಬೇರೆ ಪದ ಹೊಳೆಯಲಿಲ್ಲ.

ಇದರಿಂದಾದ ಪರಿಣಾಮವನ್ನೂ ಮರೆಮಾಚದೆ ನಿವೇದಿಸಬೇಕಾಗಿದೆ. ಅರ್ಜಿದಾರಳನ್ನು ಕಂಡರೆ ಜನ ಮಾತು ನಿಲ್ಲಿಸತೊಡಗಿದರು. ಚಿಕ್ಕಮ್ಮನ ಮನೆಗೆ ಹೋದಾಗ ಸಿಂಕಿನ ಕೆಳಗೆ ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಚಿಕ್ಕಪ್ಪ ಮೆಲ್ಲಗೆ ಎದ್ದು ಹೋಗಿ ಕೆಳಗೊಂದು ಪಾತ್ರೆ ಇಟ್ಟು ಬಂದರು. ಅಷ್ಟೂ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು.

ಅಮ್ಮ ಒಂದೇ ಮಾತು ಹೇಳಿದರು. “ಹುಟ್ಟಿದಾಗಿಂದ ನೀನು ಹೀಗೇ. ಹಿಡಿದ್ರೆ ಬಿಡಲ್ಲ. ತಮ್ಮನ್ನ ಕರ್ಕೊಂಡು ಬಾ ಅಂದ್ರೆ ಊರಿಗೆಲ್ಲ ನೋಟೀಸು ಕಳಿಸ್ತಾ ಕೂತಿದೀಯ.”

6. ವಿಚಾರಣೆಯ ದಿನ ನಡೆದದ್ದು ತಮ್ಮ ಎದುರೇ ನಡೆದದ್ದಾದ್ದರಿಂದ ಸಂಕ್ಷೇಪಿಸಲಾಗಿದೆ. ಅರ್ಜಿದಾರಳ ತಮ್ಮ ಕಂಪನಿಯ ಹೆಸರು ಹೊಲಿದ ಅಂಗಿ ತೊಟ್ಟು ಬಂದಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು. ಅಕ್ಕನ ಕಡೆ ನೋಡದೆ, ಮೇಜಿನ ಮೇಲಿನ ಪಿನ್ನಿನ ಡಬ್ಬಿ ನೋಡುತ್ತ ಹೇಳಿಕೆ ಕೊಟ್ಟ. “ಈ ಪದಾನ ಮೊದಲು ಬಳಸಿದ್ದು ನಮ್ಮ ತಂದೆಯವರೇ. ಗಿರಾಕಿಗಳ ಮನೆಗೆ ಹೋದಾಗ, ‘ಅರ್ಧ ಗಂಟೆ ಕೊಡಿ, ಬಬ್ಬಿಸಿ ಕೊಡ್ತೀನಿ’ ಅಂತಿದ್ರು.”

ತಾವು ಅರ್ಜಿದಾರಳನ್ನು ಕೇಳಿದಿರಿ: “ಇದು ನಿಜಾನಾ?”

ವಕೀಲರು ಮೇಜಿನ ಕೆಳಗೆ ಅರ್ಜಿದಾರಳ ಕಾಲು ತುಳಿದರು. ಅದರ ಅರ್ಥ, ಅಲ್ಲ ಎನ್ನಬೇಕು ಎಂದು. ಆದರೆ ತಮ್ಮನ ಎದುರು ನಿಂತು ಅಪ್ಪನ ಮಾತನ್ನು ಅಪ್ಪನದಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ನಿಜ ಸಾರ್. ಮೊದಲು ಹೇಳಿದ್ದು ಅಪ್ಪಾನೇ.”

ವಕೀಲರು ಫೈಲು ಮುಚ್ಚಿದರು. ತಾವು ಇಬ್ಬರನ್ನೂ ನೋಡಿ, ಬೆರಳಚ್ಚುಗಾರರಿಗೆ ಆದೇಶ ಹೇಳಿ ಬರೆಸಿದಿರಿ. ಅದರ ಕೊನೆಯ ಸಾಲು ಯಥಾವತ್ತಾಗಿ ಹೀಗಿದೆ: ‘ತಕರಾರುದಾರಳು ಹಾಗೂ ಎದುರು ಪಕ್ಷದ ಸಾಕ್ಷಿ ಒಡಹುಟ್ಟಿದವರಾಗಿರುವುದರಿಂದ, ಸದರಿ ವಿವಾದವನ್ನು ಸಾಧ್ಯವಾದಲ್ಲಿ ಪರಸ್ಪರ ಮಾತುಕತೆಯ ಮೂಲಕ ಬಬ್ಬಿಸಿಕೊಂಡು ಮುಂದಿನ ದಿನಾಂಕದಂದು ಹಾಜರಾಗತಕ್ಕದ್ದು.’

ತಾವು ಗಮನಿಸಲಿಲ್ಲ. ಬೆರಳಚ್ಚುಗಾರರು ತಡವರಿಸದೆ ಟೈಪು ಮಾಡಿದರು. ಎರಡೂ ಕಡೆಯ ವಕೀಲರು ತಲೆದೂಗಿ ಗುರುತು ಹಾಕಿಕೊಂಡರು. ಇಡೀ ಕೊಠಡಿಯಲ್ಲಿ ಅದು ಕಿವಿಗೆ ಬಿದ್ದದ್ದು ಇಬ್ಬರಿಗೇ. ಅರ್ಜಿದಾರಳು ತಲೆ ಎತ್ತಿದಳು, ಅವನೂ ಎತ್ತಿದ. ತುಟಿ ಬಿಗಿಹಿಡಿದರೂ ಅವನ ಭುಜ ಕುಲುಕಿತು. ಚಿಕ್ಕಂದಿನಲ್ಲಿ ನಗಬಾರದ ಕಡೆಯಲ್ಲೆಲ್ಲ ಅವನ ಭುಜವೇ ಮೊದಲು ಕುಲುಕುತ್ತಿದ್ದದ್ದು. ಕೆಮ್ಮಿನ ನೆಪದಲ್ಲಿ ಇಬ್ಬರೂ ಹೊರಗೆ ಓಡಿದರು.

7. ಆದೇಶ ಪಾಲಿಸುವ ಸಲುವಾಗಿ ಇಬ್ಬರೂ ಕೆಳಗಿನ ಕ್ಯಾಂಟೀನಿನಲ್ಲಿ ಕೂತರು. ಎರಡು ಟೀ ಬಂತು. ಮೊದಲ ಐದು ನಿಮಿಷದ ಮಾತುಕತೆ ಹೀಗಿತ್ತು:

“ಅಮ್ಮ?”

“ಇದ್ದಾರೆ. ಮಂಡಿ ನೋವು. ನಾಲಿಗೆ ಮಾತ್ರ ಹಾಗೇ ಇದೆ.”

“ಹೂಂ.”

ಆಮೇಲೆ ಅರ್ಜಿದಾರಳಿಗೆ ತಡೆಯಲಾಗಲಿಲ್ಲ. “ಊರಲ್ಲಿ ಬೇರೆ ಕೆಲಸ ಇರಲಿಲ್ವೇನೋ ನಿಂಗೆ? ಸ್ವಂತ ಅಕ್ಕನ ಹೆಸರನ್ನ ಬೀದೀಲಿಡೋಕೆ ಹೊರಟವರಿಗೆ ಸಾಕ್ಷಿ ಹೇಳ್ತೀಯಲ್ಲ, ಮನಸ್ಸಾದ್ರೂ ಹೇಗೆ ಬಂತು?”

ಅವನು ಲೋಟವನ್ನು ತಟ್ಟೆಯ ಮೇಲೆ ತಿರುಗಿಸುತ್ತ ಕೂತ. ಸಿಟ್ಟಿನಿಂದಲ್ಲ, ಲೆಕ್ಕ ಕೇಳುವವನ ಹಾಗೆ ಹೇಳಿದ:

“ನಿನ್ನ ಹೆಸರನ್ನ ಜನ ಯಾಕೆ ಹೇಳ್ತಾರೆ ಅಕ್ಕ? ಸೋರೋದು ನಿಲ್ಲಿಸೋಕೆ, ಮುರಿದದ್ದು ಕೂಡಿಸೋಕೆ. ಅದಕ್ಕೇ ನೀನು ವಕೀಲರು, ನೋಟೀಸು, ಪೋಸ್ಟರು ಅಂತ ಇಷ್ಟು ಕುಣಿದೆ. ನನ್ನ ಹೆಸರನ್ನ ನೀವೆಲ್ಲ ಯಾಕೆ ಹೇಳ್ತಿದ್ರಿ?”

ಅರ್ಜಿದಾರಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಟೀ ಲೋಟವನ್ನು ಕೆಳಗಿಟ್ಟಳು.

ತಮಗೆ ತಿಳಿಯದ ವಿಷಯವಾದ್ದರಿಂದ ಇಲ್ಲಿ ವಿವರಿಸಲಾಗುತ್ತಿದೆ. ಅವನನ್ನು ಮನೆಯಲ್ಲಿ ಕರೆಯುವುದು ಗಜ್ಜು ಎಂದು. ಹುಟ್ಟುವಾಗ ಆನೆಮರಿಯ ಹಾಗಿದ್ದ. ಅಕ್ಕನ ಹೆಸರಿನ ಡಬ್ಬ ಓಡತೊಡಗಿದ ಮೇಲೆ, ಮಗನಿಗೂ ಒಂದಿರಲಿ ಎಂಬ ಆಸೆಯಿಂದಲೇ ತಂದೆಯವರು ತುಕ್ಕು ಬಿಡಿಸುವ ದ್ರಾವಣವೊಂದನ್ನು ತಯಾರಿಸಿ ‘ಗಜ್ಜು’ ಎಂದು ಹೆಸರಿಟ್ಟರು. ಡಬ್ಬದ ಮುಚ್ಚಳದ ಮೇಲೆ ಅವನ ದುಂಡು ಮುಖ. ತುಕ್ಕನ್ನೇನೋ ಅದು ತಿಂದಿತು. ತುಕ್ಕು ತಿಂದಾದ ಮೇಲೆ ಕಬ್ಬಿಣ ತಿಂದಿತು, ಆಮೇಲೆ ಡಬ್ಬದ ತಳ ತಿಂದಿತು, ಅಂಗಡಿಯವರ ಕಪಾಟು ತಿಂದಿತು. ಮಾಲೆಲ್ಲ ವಾಪಸು ಬಂತು. ವಾಪಸು ಬಂದದ್ದು ಮುಚ್ಚಳಗಳು ಮಾತ್ರ ಎನ್ನುವುದು ಹೆಚ್ಚು ಸರಿ.

ಅಂದಿನಿಂದ ಶೆಡ್ಡಿನಲ್ಲಿ ಏನು ಕೆಟ್ಟರೂ ‘ಗಜ್ಜಾಯ್ತು’. ಮೋಟಾರು ಸುಟ್ಟರೆ ಗಜ್ಜಾಯ್ತು, ಲೇಬಲ್ಲು ಓರೆಯಾದರೆ ಗಜ್ಜಾಯ್ತು. ಅಲ್ಲಿಂದ ಅಡುಗೆಮನೆಗೆ ಬಂತು. ಹಾಲು ಒಡೆದರೂ ಗಜ್ಜಾಯ್ತು. ಯಾರೂ ಕೇಡು ಬಯಸಿ ಹೇಳಿದ್ದಲ್ಲ. ಬಾಯಿಗೆ ಸಲೀಸಾಗಿತ್ತು, ಹೇಳಿದರು, ಅಷ್ಟೇ.

“ಕೊನೇ ಸಲ ಅಪ್ಪ ಶೆಡ್ಡಿಗೆ ಬಂದಿದ್ರಲ್ಲ, ಕೋಲು ಹಿಡ್ಕೊಂಡು,” ಎಂದ ಅವನು. “ಎಲ್ಲರನ್ನೂ ಕರೆದು, ‘ಇನ್ಮೇಲೆ ಎಲ್ಲ ಬಬ್ಬಿ ನೋಡ್ಕೋತಾಳೆ. ಇವನ ಕೈಗೆ ಕೊಟ್ರೆ ಗಜ್ಜಾಗುತ್ತೆ’ ಅಂದ್ರು. ತಮಾಷೆಗೇ ಅಂದ್ರು. ಎಲ್ಲರೂ ನಕ್ಕರು.”

“ನೀನೂ ನಕ್ಕಿದ್ದೆಯಲ್ಲೋ.”

“ನಗದೇ ಇನ್ನೇನು ಮಾಡ್ಲಿ? ನನ್ನದೇ ಹೆಸರಲ್ವಾ?”

ಪಕ್ಕದ ಮೇಜಿನವರು ಎದ್ದು ಹೋದರು. ಒರೆಸುವವರು ಬಂದು ಮೇಜು ಒರೆಸಿ ಹೋದರು. ಅವನು ಮತ್ತೆ ಹೇಳಿದ:

“ನಿಂದು ಕ್ರಿಯಾಪದ ಆದ್ರೆ ಅದಕ್ಕೊಂದು ಕಚೇರಿ, ಒಬ್ಬರು ಅಧಿಕಾರಿ, ಮೂರು ಮಹಡಿ. ನಂದು ಆದಾಗ ನಾನು ಎಲ್ಲಿಗೆ ಅರ್ಜಿ ಹಾಕ್ಬೇಕಿತ್ತು ಅಕ್ಕ?”

ಅರ್ಜಿದಾರಳು, “ಇನ್ನೊಂದು ಟೀ ತಗೋ” ಎಂದಳು. ಅವನು ಬೇಡವೆಂದ. ಏಳುವಾಗ ಮಾತ್ರ, ಯಾರೋ ಗಿರಾಕಿಗೆ ಹೇಳುವ ಹಾಗೆ ಹೇಳಿದ: “ಡಬ್ಬದ ಮೇಲಿನ ಹೆಸರನ್ನ ಬಿಟ್ಟುಕೊಡಬೇಡ. ನಮ್ಮ ಕಂಪನಿ ಪೇಸ್ಟು ನಿಲ್ಲಲ್ಲ. ಅದರ ಮೇಲೆ ನಿನ್ನ ಹೆಸರು ಬಂದ್ರೆ, ನಾಳೆ ಬಬ್ಬಿಸು ಅಂದ್ರೂ ಕೆಡಿಸು ಅಂತಲೇ ಆಗೋದು. ಆಮೇಲೆ ಗೊತ್ತಾಗುತ್ತೆ ಹೇಗಿರುತ್ತೆ ಅಂತ.”

8. ಅರ್ಜಿದಾರಳು ನೇರ ಶೆಡ್ಡಿಗೆ ಬಂದಳು. ಬಾಗಿಲಲ್ಲೇ ಹಿರಿಯ ಕೆಲಸಗಾರರು ಎದುರಾದರು. “ಅಕ್ಕಾ, ಕಲಸೋ ಯಂತ್ರದ ಬೆಲ್ಟು ಗಜ್ಜಾಗಿದೆ.”

“ಹರಿದಿದೆ ಅನ್ನಿ.”

“ಹರಿದಿಲ್ಲ ಅಕ್ಕ, ಗಜ್ಜಾಗಿದೆ.”

“ಇನ್ಮೇಲೆ ಈ ಶೆಡ್ಡಲ್ಲಿ ಯಾವುದೂ ಗಜ್ಜಾಗೋ ಹಾಗಿಲ್ಲ. ಹರೀಲಿ, ಮುರೀಲಿ, ಸುಟ್ಟುಹೋಗ್ಲಿ. ಅದು ನನ್ನ ತಮ್ಮನ ಹೆಸರು.”

ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬಬ್ಬಿಸೋ ಹಾಗೂ ಇಲ್ಲ, ಗಜ್ಜಾಗೋ ಹಾಗೂ ಇಲ್ಲ. ನಾಳೆಯಿಂದ ಬಾಯಿಗೆ ಬೀಗ ಹಾಕ್ಕೊಂಡೇ ಬರ್ತೀವಿ ಬಿಡಿ” ಎಂದು ಯಾರೋ ಗೊಣಗಿದರು. ಆದರೂ ಕೇಳಿದರು. ಈಗ ಬಾಯಿ ತಪ್ಪಿ ‘ಗ’ ಎಂದವರು ತಕ್ಷಣ ‘ಗಾಳಿ ಬರ್ತಿದೆ’ ಎಂದು ಮುಗಿಸುತ್ತಾರೆ. ಕಿಟಕಿಯೇ ಇಲ್ಲದ ಶೆಡ್ಡಿನಲ್ಲಿ ದಿನವಿಡೀ ಗಾಳಿ ಬರುತ್ತಿದೆ.

ಮನೆಯಲ್ಲಿ ಮಾತ್ರ ಇದು ನಡೆಯಲಿಲ್ಲ. ಮರುದಿನ ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದ ಅಮ್ಮ, “ಛೇ, ಹಾಲು ಗಜ್ಜಾಯ್ತು” ಎಂದರು.

“ಅಮ್ಮ, ಒಡೀತು ಅನ್ನು. ಅವನಿಗೆ ಅದರಿಂದ ಬೇಜಾರಂತೆ. ನಿನ್ನೆ ಹೇಳಿದ.”

ಅಮ್ಮ ಒಲೆ ಆರಿಸಿ ತಿರುಗಿದರು. “ಸಿಕ್ಕಿದ್ನಾ?”

“ಸಿಕ್ಕಿದ್ದ.”

“ಬೇಜಾರು ಅಂದ್ನಾ?”

“ಹೂಂ.”

ಅಮ್ಮ ಒಡೆದ ಹಾಲಿನ ಪಾತ್ರೆಯನ್ನು ಕೆಳಗಿಳಿಸಿದರು. “ಏಳು ವರ್ಷದಿಂದ ಅವನು ಈ ಮನೆ ಮೆಟ್ಟಿಲು ಹತ್ತಿಲ್ಲ. ನೀನು ಅವನ ಹೆಸರು ಎತ್ತಲ್ಲ. ನಾನು ಎತ್ತಿದ್ರೆ ನಿನ್ನ ಮುಖ ಊದಿಕೊಳ್ಳುತ್ತೆ. ಹಾಲು ಒಡೆದಾಗ, ಅನ್ನ ಸೀದಾಗ, ಆ ನೆಪದಲ್ಲಾದ್ರೂ ಒಂದು ಸಲ ಬಾಯ್ತುಂಬ ಗಜ್ಜು ಅಂತಿದ್ದೆ. ಅದನ್ನೂ ಕಿತ್ಕೊಳ್ತೀಯಾ?”

ಮನೆಯಲ್ಲಿ ಹಾಲು ಪದೇ ಪದೇ ಒಡೆಯುತ್ತಿದೆ ಎಂಬ ಕಾರಣಕ್ಕೆ ವರ್ಷದಲ್ಲಿ ಮೂವರು ಹಾಲಿನವರನ್ನು ಬದಲಾಯಿಸಿದ್ದು ಅನ್ಯಾಯವೆಂದು ಅರ್ಜಿದಾರಳಿಗೆ ಆ ಕ್ಷಣ ಮನವರಿಕೆಯಾಯಿತು.

9. ಅಂದು ಸಂಜೆ ಅರ್ಜಿದಾರಳು ತಮ್ಮನಿಗೆ ಫೋನು ಮಾಡಿ ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅವನು, “ಅಮ್ಮ ಅಂದ್ರೆ ಪರವಾಗಿಲ್ಲ. ಬೇರೆಯವರು ಬೇಡ” ಎಂದ. ಆಮೇಲೆ, “ಮಂಡಿಗೆ ಏನು ಹಚ್ತಿದಾರೆ?” ಎಂದು ಕೇಳಿದ. ಹೊಸದೊಂದು ಉತ್ಪನ್ನ ಮಾಡಿ ಅವನ ಹೆಸರಲ್ಲೇ ನೋಂದಾಯಿಸೋಣವೆಂದು ಅರ್ಜಿದಾರಳು ಹೇಳಿದ್ದಕ್ಕೆ, “ನೋಡ್ತೀನಿ” ಎಂದಷ್ಟೇ ಉತ್ತರಿಸಿರುತ್ತಾನೆ. ಹೂಂ ಎಂದಿಲ್ಲ. ಊಹೂಂ ಎಂದೂ ಹೇಳಿಲ್ಲ.

10. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಈ ಕೆಳಗಿನಂತೆ ಆದೇಶವಾಗಬೇಕೆಂದು ಕೋರಲಾಗಿದೆ:

(ಅ) ‘ಬಬ್ಬಿಸು’ ಎಂಬ ಕ್ರಿಯಾಪದದ ಮೇಲೆ ಅರ್ಜಿದಾರಳ ತಕರಾರೇನೂ ಇಲ್ಲ. ಪೈಪು, ಪರೀಕ್ಷೆ, ಸೇತುವೆ, ಸಂಸಾರ, ಯಾರು ಏನನ್ನು ಬೇಕಾದರೂ ಬಬ್ಬಿಸಿಕೊಳ್ಳಬಹುದು. ಈವರೆಗೆ ಕಳಿಸಿದ ನೋಟೀಸುಗಳನ್ನೆಲ್ಲ ಹಿಂಪಡೆಯಲಾಗಿದೆ. ಶಿಕ್ಷಕರಿಗೆ ಕಳಿಸಿದ್ದನ್ನು ದೋಷ ತಿದ್ದಿ ಹಿಂಪಡೆಯಲಾಗಿದೆ.

(ಆ) ಡಬ್ಬದ ಮೇಲಿನ ‘ಬಬ್ಬಿ’ ಎಂಬ ಹೆಸರು ಮತ್ತು ಎರಡು ಜಡೆ ಮಾತ್ರ ಅರ್ಜಿದಾರಳವೇ. ಮಾತು ಜನರದು, ಡಬ್ಬ ನಮ್ಮದು. ‘ಸೂಪರ್ ಬಬ್ಬಿ’ಗೆ ಅಪ್ಪಣೆ ಕೊಡಕೂಡದು. ಜಗತ್ತಿನಲ್ಲಿ ಒಬ್ಬ ಬಬ್ಬಿಯನ್ನು ಸಹಿಸಿಕೊಳ್ಳುವುದೇ ಸಾಕಷ್ಟಾಗಿದೆ ಎಂದು ಅಮ್ಮ ಪ್ರಮಾಣ ಮಾಡಲು ಸಿದ್ಧರಿದ್ದಾರೆ.

(ಇ) ‘ಗಜ್ಜು’ ಎಂಬ ಚಿಹ್ನೆಯನ್ನು ಅರ್ಜಿದಾರಳ ತಮ್ಮನ ಹೆಸರಿಗೆ, ಅವನೊಬ್ಬನ ಹೆಸರಿಗೇ, ನೋಂದಾಯಿಸಿಕೊಡಬೇಕು. ಉತ್ಪನ್ನ ಯಾವುದೆಂಬ ಕಾಲಂನಲ್ಲಿ ಸದ್ಯಕ್ಕೆ ‘ಡಬ್ಬದಲ್ಲಿ ನಿಲ್ಲುವಂಥದ್ದು’ ಎಂದು ಬರೆದುಕೊಳ್ಳುವುದು.

(ಈ) ‘ಗಜ್ಜಾಗು’ ಎಂಬ ಪದವನ್ನು ಯಾರೂ ಬಳಸಬಾರದೆಂದು ಆದೇಶಿಸುವುದು. ಅರ್ಜಿದಾರಳ ತಾಯಿಗೆ ಮಾತ್ರ ಇದರಿಂದ ವಿನಾಯಿತಿ ಕೊಡುವುದು. ಆಕೆಯ ಬಾಯಲ್ಲಿ ಅದು ಕ್ರಿಯಾಪದವಲ್ಲ, ಕೂಗು.

ತಮ್ಮಲ್ಲಿಯೂ ತಮ್ಮನಲ್ಲಿಯೂ ವಿಶ್ವಾಸವಿರಿಸಿರುವ,

(ಸಹಿ)
ಬಬ್ಬಿ

ಲಗತ್ತುಗಳು:
1. ‘ಬಬ್ಬಿ’ ಡಬ್ಬ, ಒಂದು (ತುಂಬಿದ್ದು. ಕಚೇರಿಯ ಬಳಕೆಗೆ ಅಲ್ಲ, ಬಳಸಿದರೆ ತಕರಾರಿಲ್ಲ).
2. ‘ಗಜ್ಜು’ ಡಬ್ಬದ ಮುಚ್ಚಳ, ಒಂದು (ಉಳಿದಿರುವುದು ಇಷ್ಟೇ. ಮುಖ ಚೆನ್ನಾಗಿ ಕಾಣುತ್ತದೆ).
3. ಶಿಕ್ಷಕರು ತಿದ್ದಿದ ನೋಟೀಸು, ಎರಡು ಸೆಟ್ ಝೆರಾಕ್ಸ್.
4. ಅರ್ಜಿದಾರಳ ತಮ್ಮನ ಒಪ್ಪಿಗೆ ಪತ್ರ (ಇನ್ನೂ ಬಂದಿಲ್ಲ).

ವಿಶೇಷ ಕೋರಿಕೆ: ಲಗತ್ತು (4) ಇಲ್ಲವೆಂಬ ಕಾರಣಕ್ಕೆ ಈ ಅರ್ಜಿಯನ್ನು ತಿರಸ್ಕರಿಸಬಾರದು. ಅವನು ಬರುವ ಭಾನುವಾರ ಅಮ್ಮನ ಮಂಡಿಗೆ ಮುಲಾಮು ತರುತ್ತೇನೆ ಎಂದಿದ್ದಾನೆ. ಅದರ ಮುಂದಿನ ಭಾನುವಾರವೂ ಬರಬಹುದು. ಅವನಾಗಿ ಸಹಿ ಹಾಕುವವರೆಗೂ ಆತುರಪಡಿಸದೆ, ಈ ಕಡತವನ್ನು ತಮ್ಮ ಮೇಜಿನ ಮೇಲೆಯೇ ಇರಿಸಿಕೊಂಡು, ಎಂದಿನಂತೆ ತಡ ಮಾಡಬೇಕಾಗಿ ಸವಿನಯ ಪ್ರಾರ್ಥನೆ.